ಹೃದ್ರೋಗ ಸಂಶೋಧನೆ ಮತ್ತು ಹಾಸನ ಸೀಮೆ: ಡಾ. ಸಿ. ಎನ್. ಮಂಜುನಾಥ್ ಅವರ ಶೋಧಗಳ ಒಂದು ಅವಲೋಕನ

ಕರ್ನಾಟಕದ ವೈದ್ಯಕೀಯ ಇತಿಹಾಸವನ್ನು ಕುರಿತ ಬರಹಗಳಲ್ಲಿ ಆಸ್ಪತ್ರೆಗಳ ಸ್ಥಾಪನೆ, ದಾನಿಗಳ ಔದಾರ್ಯ, ಪ್ರಶಸ್ತಿ ಪುರಸ್ಕಾರಗಳ ವಿವರಗಳು ಹೇರಳವಾಗಿ ದೊರೆಯುತ್ತವೆ. ಆ ಆಸ್ಪತ್ರೆಗಳ ವಾರ್ಡುಗಳಲ್ಲಿ ಹುಟ್ಟಿದ ಹೊಸ ಜ್ಞಾನ ಯಾವುದು ಎಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಹಿಂದೆ ಸರಿದಿದೆ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಸೇವೆ ಸಲ್ಲಿಸಿದ ಡಾ. ಸಿ. ಎನ್. ಮಂಜುನಾಥ್ ಅವರ ವಿಷಯದಲ್ಲಿಯೂ ಇದೇ ಆಗಿದೆ. ಸಮರ್ಥ ಆಡಳಿತಗಾರರೆಂದು ಅವರನ್ನು ನಾಡು ಬಲ್ಲದು; ಹೃದಯದ ಕವಾಟವನ್ನು ಕುರಿತು ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಪ್ರಬಂಧಗಳು ತಜ್ಞರ ವಲಯದಾಚೆಗೆ ಅಷ್ಟಾಗಿ ತಲುಪಿಲ್ಲ.

ಮಂಜುನಾಥ್ ಅವರು 1957ರಲ್ಲಿ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಚೋಳೇನಹಳ್ಳಿಯಲ್ಲಿ ಜನಿಸಿದರು. ಹೆಸರಿನ ಮೊದಲ ಅಕ್ಷರ ಈ ಊರಿನದೇ. ಅಂತರರಾಷ್ಟ್ರೀಯ ಸೂಚಿಗಳಲ್ಲಿ ಅವರ ಕೆಲವು ಪ್ರಬಂಧಗಳು ‘ಮಂಜುನಾಥ್ ಸಿ. ಎನ್.’ ಎಂದೂ ಮತ್ತೆ ಕೆಲವು ‘ನಂಜಪ್ಪ ಎಂ. ಸಿ.’ ಎಂದೂ ದಾಖಲಾಗಿವೆ. ಊರು ಮುಂದಾಗಿ ಬರುವ ನಮ್ಮ ನಾಮಪದ್ಧತಿಯನ್ನರಿಯದ ಸೂಚಿಕಾರರು ಒಬ್ಬನೇ ಸಂಶೋಧಕನನ್ನು ಇಬ್ಬರನ್ನಾಗಿಸಿದ್ದಾರೆ. ಈ ಕ್ಷೇತ್ರದಲ್ಲಿ ಶೋಧ ನಡೆಸುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಪದವಿ, ಬೆಂಗಳೂರಿನಲ್ಲಿ ಸ್ನಾತಕೋತ್ತರ ವ್ಯಾಸಂಗ, ಬಳಿಕ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಹೃದ್ರೋಗಶಾಸ್ತ್ರದ ಅಧ್ಯಯನ ಮುಗಿಸಿ 1988ರಲ್ಲಿ ಅವರು ಜಯದೇವ ಸಂಸ್ಥೆಯನ್ನು ಸೇರಿದರು.

ಆ ಕಾಲದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಡ ಹೃದ್ರೋಗಿಗೆ ವಿಶೇಷ ಚಿಕಿತ್ಸೆ ಬೇಕಾದರೆ ಮೈಸೂರು ಇಲ್ಲವೆ ಬೆಂಗಳೂರಿನ ದಾರಿಯೇ ಗತಿ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದದ್ದು 2006ರಲ್ಲಿ. ಹೀಗೆ ನಾಡಿನ ಹಳ್ಳಿಗಳಿಂದ ಬಂದು ಸೇರುತ್ತಿದ್ದ ರೋಗಿಗಳಲ್ಲಿ ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರ ಪಾಲು ದೊಡ್ಡದಿತ್ತು.

ಈ ರೋಗದ ಬಗೆ ವಿಚಿತ್ರವಾದುದು. ಬಾಲ್ಯದಲ್ಲಿ ಗಂಟಲನ್ನು ಕಾಡುವ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವಿನ ಮೇಲ್ಮೈಯಲ್ಲಿರುವ ಒಂದು ಪ್ರೋಟೀನಿಗೂ ಹೃದಯದ ಸ್ನಾಯುವನ್ನು ಸಂಕುಚಿಸುವ ಮಯೋಸಿನ್‌ಗೂ ರಚನಾಸಾಮ್ಯವಿದೆ. ವೈರಿಯ ವಿರುದ್ಧ ದೇಹವು ಸಜ್ಜುಗೊಳಿಸಿದ ರಕ್ಷಣಾಪಡೆ ಈ ಸಾಮ್ಯದಿಂದ ಮೋಸಹೋಗಿ ತನ್ನದೇ ಹೃದಯದ ಮೇಲೆ ಎರಗುತ್ತದೆ. ಜ್ವರ ಇಳಿದು ವರ್ಷಗಳು ಕಳೆದ ಮೇಲೆ, ಎಡಭಾಗದ ಮೈಟ್ರಲ್ ಕವಾಟದ ಎಸಳುಗಳು ಅಂಚಿನಲ್ಲಿ ಬೆಸೆದುಕೊಳ್ಳುತ್ತವೆ. ಸಹಜವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ದ್ವಾರ ಒಂದೂವರೆ, ಒಂದು, ಅದಕ್ಕೂ ಕಿರಿದಾಗುತ್ತದೆ. ರಕ್ತ ಹಿಂದೊತ್ತಿ ಶ್ವಾಸಕೋಶ ತುಂಬುತ್ತದೆ. ರೋಗಿಗಳಲ್ಲಿ ಹೆಂಗಸರೇ ಹೆಚ್ಚು. ಬಸಿರಿನಲ್ಲಿ ರಕ್ತದ ಪ್ರಮಾಣ ಏರಿದಾಗಲೇ ಎಷ್ಟೋ ಮಂದಿಯ ಕಾಯಿಲೆ ಮೊದಲ ಬಾರಿಗೆ ಬಯಲಾಗುತ್ತದೆ.

ಬೆಸೆದ ಎಸಳನ್ನು ಬಿಡಿಸುವ ಯತ್ನ ಹಳೆಯದು. 1923ರಲ್ಲಿ ಬಾಸ್ಟನ್ನಿನ ಎಲಿಯಟ್ ಕಟ್ಲರ್ ಚಾಕು ಬಳಸಿದರು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಹೃದಯದೊಳಕ್ಕೆ ಬೆರಳನ್ನೇ ತೂರಿಸಿದರು. ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಬಲೂನು ಸಾಗಿಸಿ ಕವಾಟವನ್ನು ಹಿಗ್ಗಿಸುವ ವಿಧಾನವನ್ನು ಜಪಾನಿನ ಕಾಂಜಿ ಇನೊವೆ 1984ರಲ್ಲಿ ಪ್ರಕಟಿಸಿದರು. ಮರುವರ್ಷವೇ ಅಮೆರಿಕದ ಜೇಮ್ಸ್ ಲಾಕ್ ಮತ್ತು ದೆಹಲಿಯ ಖಲೀಲುಲ್ಲಾ ಮೊದಲಾದವರ ತಂಡ ಭಾರತದ ಎಳೆಯ ರೋಗಿಗಳಲ್ಲಿ ನಡೆಸಿದ ಇಂಥ ಚಿಕಿತ್ಸೆಯ ವರದಿ ಹೊರಬಂದಿತು. ವಿಧಾನವೇನೋ ಬಂದಿತು, ಬಲೂನಿನ ಬೆಲೆ ಸರ್ಕಾರಿ ಆಸ್ಪತ್ರೆಯ ರೋಗಿಗೆ ನಿಲುಕುವಂತಿರಲಿಲ್ಲ.

1998ರಲ್ಲಿ ಮಂಜುನಾಥ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದ ಮಹತ್ವ ಇಲ್ಲಿದೆ. ಮೂರು ಕೊಳವೆಯ ಇನೊವೆ ಬಲೂನು ಮತ್ತು ಎರಡು ಕೊಳವೆಯ ಅಕ್ಯುರಾ ಬಲೂನುಗಳ ಫಲಿತಾಂಶವನ್ನು ಹೋಲಿಸಿದ ಈ ಅಧ್ಯಯನ, ಖರ್ಚಿನ ಉಳಿತಾಯವನ್ನು ಶೀರ್ಷಿಕೆಯಲ್ಲಿಯೇ ಸಂಶೋಧನಾ ಪ್ರಶ್ನೆಯಾಗಿ ಇರಿಸಿತು. ಹಣದ ಮಾತು ವಿಜ್ಞಾನಕ್ಕೆ ಹೊರತಾದುದು ಎಂಬ ಭಾವನೆ ಬಲವಾಗಿದ್ದ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮುಂದೆ ಅಕ್ಯುರಾ ಬಲೂನಿನ ಚಿಕಿತ್ಸೆಯಲ್ಲಿ ಜಯದೇವ ಸಂಸ್ಥೆ ಜಗತ್ತಿನ ಅತ್ಯಂತ ದೊಡ್ಡ ಅನುಭವವುಳ್ಳ ಕೇಂದ್ರಗಳಲ್ಲಿ ಒಂದಾಯಿತು.

ಆದರೆ ಅವರ ಕೃತಿಗಳಲ್ಲಿ ಹೆಚ್ಚು ಬಾಳುವಂಥದು 2009ರ ಪ್ರಬಂಧವೆನ್ನಬೇಕು. ಕವಾಟ ಕಿರಿದಾದಾಗ ಎಡ ಹೃತ್ಕರ್ಣದಲ್ಲಿ ರಕ್ತ ನಿಂತು ಹೆಪ್ಪುಗಟ್ಟುವುದುಂಟು. ಬಲೂನು ತಗುಲಿ ಹೆಪ್ಪು ಕಳಚಿದರೆ ಅದು ಮಿದುಳಿಗೆ ಹಾರಿ ಪಾರ್ಶ್ವವಾಯು ತರಬಹುದು. ಆದ್ದರಿಂದ ಹೆಪ್ಪಿರುವವರಿಗೆ ಬಲೂನು ಚಿಕಿತ್ಸೆ ಸಲ್ಲದೆಂಬುದು ಪಠ್ಯಪುಸ್ತಕಗಳ ಕಟ್ಟಪ್ಪಣೆ. ರಕ್ತ ತೆಳುವಾಗಿಸುವ ಔಷಧ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು, ಇಲ್ಲವೆ ಎದೆ ತೆರೆಯಬೇಕು. ಕಾಯಲು ಉಸಿರಿಲ್ಲದ, ಶಸ್ತ್ರಚಿಕಿತ್ಸೆಗೆ ಹಣವಿಲ್ಲದ ರೋಗಿ ಏನು ಮಾಡಬೇಕು? ಮಂಜುನಾಥ್, ಕೆ. ಎಚ್. ಶ್ರೀನಿವಾಸ, ಕೆ. ಎಸ್. ರವೀಂದ್ರನಾಥ್ ಮೊದಲಾದವರು ‘ಹೆಪ್ಪಿದೆ’ ಎಂಬ ಒಂದೇ ಪದವನ್ನು ಒಡೆದು ನೋಡಿದರು. ಅನ್ನನಾಳದ ಮೂಲಕ ಪಡೆದ ಪ್ರತಿಧ್ವನಿ ಚಿತ್ರಗಳ ಆಧಾರದಿಂದ ಹೆಪ್ಪು ಎಲ್ಲಿದೆ, ಎಷ್ಟು ಚಾಚಿದೆ, ಅಲುಗುತ್ತಿದೆಯೆ ಎಂಬುದನ್ನು ಗುರುತಿಸಿ ಐದು ವರ್ಗಗಳನ್ನು ಮಾಡಿದರು. ಹೃತ್ಕರ್ಣದ ಕಿವಿಯಂಥ ಮಡಿಕೆಯೊಳಗೇ ಅಡಗಿರುವುದು ಅಥವಾ ಅಲ್ಲಿಂದ ತುಸು ಹೊರಚಾಚಿರುವುದು ಮೊದಲನೆಯ ವರ್ಗ, ಚಾವಣಿಗಂಟಿದುದು ಎರಡನೆಯದು, ಹೃತ್ಕರ್ಣಗಳ ನಡುಗೋಡೆಯ ಮೇಲೆ ಪದರವಾಗಿ ಹಬ್ಬಿದುದು ಮೂರನೆಯದು, ತೂಗಾಡುವುದು ನಾಲ್ಕನೆಯದು, ಚೆಂಡಿನಂತೆ ಉರುಳಿ ಕವಾಟವನ್ನೇ ಮುಚ್ಚಬಲ್ಲುದು ಐದನೆಯದು. ಮೊದಲ ವರ್ಗದಲ್ಲಿಯೂ, ನಡುಗೋಡೆ ಚುಚ್ಚುವ ನೆಲೆಗಿಂತ ಮೇಲಿರುವ ಚಾವಣಿಯ ಹೆಪ್ಪಿನಲ್ಲಿಯೂ, ತಂತಿಯೊಂದನ್ನು ಮೊದಲೇ ಕವಾಟ ದಾಟಿಸಿ ಅದರ ಮೇಲೆ ಬಲೂನನ್ನು ಸಾಗಿಸಿದರೆ ನುರಿತ ಕೈಗಳಲ್ಲಿ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಉಳಿದವುಗಳಲ್ಲಿ ನಿಷೇಧ ಹಾಗೆಯೇ ಉಳಿಯಿತು. ಅದನ್ನು ಎಲ್ಲಿ ಸಡಿಲಿಸಬಹುದು, ಎಲ್ಲಿ ಕೂಡದು ಎಂದು ಗೆರೆ ಎಳೆದದ್ದೇ ಈ ಕೆಲಸದ ಹಿರಿಮೆ. ಯಾವ ಪ್ರಯೋಗಶಾಲೆಯೂ ಇಂಥ ವರ್ಗೀಕರಣವನ್ನು ಕೊಡಲಾರದು. ಸಾವಿರಾರು ರೋಗಿಗಳನ್ನು ಕಂಡ ವಾರ್ಡು ಮಾತ್ರ ಕೊಡಬಲ್ಲದು.

1998ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2007ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಸುಮಾರು ಹದಿನೇಳು ವರ್ಷ ಸಂಸ್ಥೆಯ ನಿರ್ದೇಶಕರಾಗಿದ್ದು 2024ರ ಜನವರಿಯಲ್ಲಿ ನಿವೃತ್ತರಾದರು. ಅದೇ ವರ್ಷ ಬೆಂಗಳೂರು ಗ್ರಾಮಾಂತರ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಹೊಳೆನರಸೀಪುರ ತಾಲ್ಲೂಕಿನ ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರ ಅಳಿಯಂದಿರೆಂಬ ಸಂಬಂಧ ಸಾರ್ವಜನಿಕ ಚರ್ಚೆಯಲ್ಲಿ ಎಷ್ಟು ಮುಂದೆ ನಿಂತಿದೆಯೆಂದರೆ, ಮೇಲಿನ ಪ್ರಬಂಧಗಳು ಅದರ ಮರೆಗೆ ಸರಿದುದೂ ಉಂಟು.

ಅವರ ಆಡಳಿತಾವಧಿಯ ಕೊನೆಯ ಘಟ್ಟದಲ್ಲಿ ರೋಗದ ಚಹರೆಯೇ ಬದಲಾಗಿತ್ತು. ಕವಾಟದ ಕಾಯಿಲೆಯ ಜಾಗದಲ್ಲಿ ಎಳೆಯರ ಹೃದಯಾಘಾತ ಎದ್ದು ಕಾಣತೊಡಗಿತು. ಅಕಾಲಿಕ ಹೃದಯಾಘಾತಕ್ಕೆ ತುತ್ತಾದವರ ವಿವರಗಳನ್ನು ಕ್ರಮವಾಗಿ ದಾಖಲಿಸುವ ಕಾರ್ಯ 2017ರಲ್ಲಿ ಜಯದೇವದಲ್ಲಿ ಆರಂಭವಾಯಿತು. ಧಮನಿ ಮುಚ್ಚಿದ ಅರ್ಧ ಗಂಟೆಯ ಆಸುಪಾಸಿನಲ್ಲಿಯೇ ಹೃದಯಸ್ನಾಯು ಸಾಯತೊಡಗುತ್ತದೆ, ಸತ್ತ ಸ್ನಾಯು ಮತ್ತೆ ಬೆಳೆಯದೆ ಗಾಯದ ಕಲೆಯಾಗಿ ಉಳಿಯುತ್ತದೆ. 185 ಕಿ.ಮೀ. ದೂರವೆಂದರೆ ಸ್ನಾಯುವಿನ ಲೆಕ್ಕದಲ್ಲಿ ಏನೆಂಬುದು ಇದರಿಂದ ತಿಳಿದೀತು.

2025ರ ಮೇ ಕೊನೆಯಿಂದ ಜೂನ್‌ವರೆಗೆ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದು ಹಠಾತ್ ಸಾವುಗಳು ವರದಿಯಾದಾಗ ಈ ದಾಖಲೆಯ ಪ್ರಶ್ನೆ ತವರು ಜಿಲ್ಲೆಗೇ ಮರಳಿತು. ಜನ ಭಯಗೊಂಡು ಮೈಸೂರಿನ ಜಯದೇವ ಶಾಖೆಯ ಮುಂದೆ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ಸಮಿತಿಯ ನೇತೃತ್ವ ವಹಿಸಿದವರು ಆಗ ಸಂಸ್ಥೆಯ ನಿರ್ದೇಶಕರಾಗಿದ್ದ, 2009ರ ಪ್ರಬಂಧದ ಸಹಲೇಖಕ ಡಾ. ಕೆ. ಎಸ್. ರವೀಂದ್ರನಾಥ್. 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವಲ್ಲವೆಂದೂ, ಜಿಲ್ಲೆಯಲ್ಲಿ ಹೃದಯ ಸಂಬಂಧಿ ಸಾವುಗಳು ಅಸಹಜವಾಗಿ ಏರಿಲ್ಲವೆಂದೂ ಜುಲೈನಲ್ಲಿ ವರದಿ ಹೇಳಿತು. ಉಳಿದ 20ರಲ್ಲಿಯೂ ಹಲವನ್ನು ‘ಸಂಭಾವ್ಯ’ ಎಂದಷ್ಟೇ ಬರೆಯಬೇಕಾಯಿತು, ಏಕೆಂದರೆ ಆ ಶರೀರಗಳ ಮರಣೋತ್ತರ ಪರೀಕ್ಷೆ ನಡೆದಿರಲಿಲ್ಲ. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ವರದಿ ಮಾಡುವುದನ್ನೂ, 45 ವರ್ಷದೊಳಗಿನವರ ವಿಷಯದಲ್ಲಿ ಮರಣೋತ್ತರ ಪರೀಕ್ಷೆಯನ್ನೂ ಕಡ್ಡಾಯಗೊಳಿಸುವುದಾಗಿ ಸರ್ಕಾರ ಆ ಬಳಿಕ ಘೋಷಿಸಿತು.