ಮುನ್ನುಡಿಯ ಹಂಗು

ಸಾಲಕ್ಕೆ ಲೆಕ್ಕವಿರುತ್ತದೆ. ಕೊಟ್ಟದ್ದೆಷ್ಟು, ಹಿಂತಿರುಗಿಸಬೇಕಾದದ್ದು ಯಾವಾಗ ಎಂಬುದು ಇಬ್ಬರಿಗೂ ಗೊತ್ತು. ಗೆಳೆಯರ ನಡುವಿನ ಉಪಕಾರಕ್ಕೆ ಅಂಥ ಲೆಕ್ಕವಿಲ್ಲ. ಮಾಡಿದವರು ತಾವೇನನ್ನೂ ಬಯಸಲಿಲ್ಲ ಎನ್ನುತ್ತಾರೆ. ಪಡೆದವರು ಎಂದಿಗೂ ಮರೆಯುವುದಿಲ್ಲ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಆದರೂ ಒಂದು ದಿನ ಒಬ್ಬರು ಇನ್ನೊಬ್ಬರ ಮನೆಗೆ ಹೋಗುವುದನ್ನು ನಿಲ್ಲಿಸಿಬಿಡುತ್ತಾರೆ. ಉರ್ದುವಿನಲ್ಲಿ ನಾವು ಎಹಸಾನ್ ಎನ್ನುತ್ತೇವೆ, ಕನ್ನಡದಲ್ಲಿ ಹಂಗು ಎನ್ನುತ್ತೇವೆ. ಎಹಸಾನ್ ಎಂಬುದು ಮಾಡಿದವರ ಕಡೆಯಿಂದ ನೋಡಿದ ಮಾತು, ಹಂಗು ಎಂಬುದು ಪಡೆದವರ ಕಡೆಯಿಂದ ನೋಡಿದ ಮಾತು. ಮನಸ್ತಾಪ ಹುಟ್ಟುವುದು ಈ ಎರಡು ನೋಟಗಳ ನಡುವೆಯೇ.

ಹತ್ತೊಂಬತ್ತನೆಯ ಶತಮಾನದ ದಿಲ್ಲಿಯಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆಯಿದೆ. ಒಬ್ಬರು ಮಿರ್ಜಾ ಗಾಲಿಬ್. ಇನ್ನೊಬ್ಬರು ಮುಂದೆ ಅಲಿಗಢದ ಕಾಲೇಜನ್ನು ಸ್ಥಾಪಿಸಿದ ಸೈಯದ್ ಅಹ್ಮದ್ ಖಾನ್. ಗಾಲಿಬ್ ಹುಟ್ಟಿದ್ದು 1797ರಲ್ಲಿ, ಸೈಯದ್ 1817ರಲ್ಲಿ. ಇಪ್ಪತ್ತು ವರ್ಷಗಳ ಅಂತರವಿದ್ದರೂ ಎರಡು ಮನೆತನಗಳ ನಡುವೆ ಹಳೆಯ ಒಡನಾಟವಿತ್ತು. ಗಾಲಿಬರ ಉರ್ದು ದೀವಾನ್ 1841ರಲ್ಲಿ ಮೊದಲ ಬಾರಿಗೆ ಅಚ್ಚಾದದ್ದು ಸೈಯದರ ಅಣ್ಣ ಸೈಯದ್ ಮುಹಮ್ಮದ್ ಖಾನರ ಮುದ್ರಣಾಲಯದಲ್ಲಿ. 1847ರಲ್ಲಿ ಸೈಯದರು ದಿಲ್ಲಿಯ ಹಳೆಯ ಕಟ್ಟಡಗಳನ್ನೂ ಗಣ್ಯರನ್ನೂ ಕುರಿತು 'ಆಸಾರುಸ್ಸನಾದೀದ್' ಪ್ರಕಟಿಸಿದಾಗ ಅದರಲ್ಲಿ ಗಾಲಿಬರನ್ನು ಮನಸಾರೆ ಹೊಗಳಿ ಬರೆದರು. ಗಾಲಿಬ್ ಆ ಪುಸ್ತಕಕ್ಕೆ ತಕ್ರೀಜ್ ಬರೆದುಕೊಟ್ಟರು. ತಕ್ರೀಜ್ ಎಂದರೆ ನಮ್ಮ ಮುನ್ನುಡಿ, ಬೆನ್ನುಡಿಗಳ ಹಾಗೆ, ಗ್ರಂಥವನ್ನೂ ಗ್ರಂಥಕರ್ತರನ್ನೂ ಪ್ರಶಂಸಿಸುವ ಬರಹ. ಹೀಗೆ ಕೊಡುಕೊಳ್ಳುವಿಕೆ ಸುಗಮವಾಗಿಯೇ ನಡೆದಿತ್ತು. ಯಾರೂ ಅದನ್ನು ಲೆಕ್ಕವೆಂದು ಭಾವಿಸಿರಲಿಲ್ಲ.

ಆಮೇಲೆ ಸೈಯದರು ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿದರು. ಅಕ್ಬರನ ಆಡಳಿತದ ಸಮಸ್ತ ವಿವರಗಳನ್ನು ಅಬುಲ್ ಫಜಲ್ ದಾಖಲಿಸಿದ 'ಐನೆ ಅಕ್ಬರಿ'ಯ ಸಂಪಾದನೆ ಅದು. ನಾಣ್ಯ, ಭೂಕಂದಾಯ, ಸೈನ್ಯ, ಅಡುಗೆಮನೆ, ಧಾನ್ಯಗಳ ಬೆಲೆ, ಕೂಲಿಗಾರರ ದಿನಗೂಲಿ ಎಲ್ಲವೂ ಇರುವ ಪಾರಸಿ ಗ್ರಂಥ. ಲಿಪಿಕಾರರ ಕೈಯಲ್ಲಿ ಕೆಟ್ಟುಹೋಗಿದ್ದ ಪಾಠವನ್ನು ಹಲವು ಹಸ್ತಪ್ರತಿಗಳೊಂದಿಗೆ ಹೋಲಿಸಿ ತಿದ್ದಬೇಕು, ಅಂಕಿಗಳ ಪಟ್ಟಿಗಳನ್ನು ಸರಿಪಡಿಸಬೇಕು, ಕಠಿಣ ಪದಗಳಿಗೆ ಅರ್ಥ ಬರೆಯಬೇಕು, ಚಿತ್ರಗಳನ್ನು ಬರೆಸಬೇಕು. ಕಂಪನಿ ಸರ್ಕಾರದ ನ್ಯಾಯಾಂಗದಲ್ಲಿ ನೌಕರಿ ಮಾಡುತ್ತಲೇ ಸೈಯದರು ಇದನ್ನೆಲ್ಲ ಮಾಡಿದರು. 1855ರ ಸುಮಾರಿಗೆ ಕೆಲಸ ಮುಗಿದಾಗ ಮೊದಲಿನಂತೆ ಗಾಲಿಬರಲ್ಲಿ ತಕ್ರೀಜ್ ಕೇಳಿದರು.

ಗಾಲಿಬ್ ಇಲ್ಲವೆನ್ನಲಿಲ್ಲ. ಪಾರಸಿಯಲ್ಲಿ ಒಂದು ಮಸ್ನವಿಯನ್ನೇ ಬರೆದು ಕಳಿಸಿದರು. ಆದರೆ ಅದರಲ್ಲಿದ್ದದ್ದು ಪ್ರಶಂಸೆಯಲ್ಲ. ಇಷ್ಟು ಪ್ರತಿಭೆಯುಳ್ಳವರು ಕಳೆದುಹೋದ ಕಾಲದ ಕಟ್ಟಳೆಗಳಿಗಾಗಿ ಹೀಗೆ ದುಡಿಯುವುದೇಕೆ ಎಂಬ ಆಕ್ಷೇಪ ಅದರಲ್ಲಿತ್ತು. ಇಂಗ್ಲಿಷರು ತಂದಿರುವ ಹೊಸ 'ಐನ್' ನೋಡಿ ಎಂಬ ಸಲಹೆಯಿತ್ತು. ಉಗಿಯಿಂದ ಓಡುವ ಹಡಗು, ಕ್ಷಣದಲ್ಲಿ ಸುದ್ದಿ ಮುಟ್ಟಿಸುವ ತಂತಿ, ಎಣ್ಣೆ ಬತ್ತಿಯಿಲ್ಲದೆ ಬೆಳಗುವ ಲಂಡನ್ ನಗರ, ಇವುಗಳ ಗುಣಗಾನವಿತ್ತು. ಸೈಯದರು ಆ ಮಸ್ನವಿಯನ್ನು ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಲಿಲ್ಲ. ಇಬ್ಬರ ನಡುವೆ ಮಾತುಕತೆ ನಿಂತಿತು.

ಇಲ್ಲಿ ತಪ್ಪು ಯಾರದು? ಹಲವರು ಗಾಲಿಬರ ಪರ ನಿಲ್ಲುತ್ತಾರೆ. ಕವಿ ಸತ್ಯ ಹೇಳಿದರು, ಪಂಡಿತರಿಗೆ ಸಹಿಸಲಾಗಲಿಲ್ಲ ಎನ್ನುತ್ತಾರೆ. ಹೊಗಳಿಕೆಯ ವಿಷಯದಲ್ಲಿ ಗಾಲಿಬ್ ಜಿಪುಣರಾಗಿದ್ದುದು ನಿಜ. ಅವರ ಪ್ರೀತಿಯ ಶಿಷ್ಯ ಹರ್‌ಗೋಪಾಲ್ ತಫ್ತಾ ಕೂಡ ತಮ್ಮ ಸಂಕಲನಕ್ಕೆ ಗುರುಗಳು ಬರೆದ ಮುನ್ನುಡಿಯಲ್ಲಿ ಹೊಗಳಿಕೆ ಸಾಲದೆಂದು ನೊಂದುಕೊಂಡಿದ್ದರು. ಭಟ್ಟಂಗಿಗಳಂತೆ ಹೊಗಳುವ ರೂಢಿ ತನಗಿಲ್ಲ, ತನ್ನ ರೀತಿಯನ್ನು ಬಿಡಲಾರೆ ಎಂದು ಗಾಲಿಬ್ ಅವರಿಗೆ ಪತ್ರ ಬರೆದು ತಿಳಿಸಬೇಕಾಯಿತು.

ಆದರೆ ನಾವು ಇನ್ನೊಂದು ಸಂಗತಿಯನ್ನೂ ನೆನೆಯಬೇಕು. 1850ರಿಂದ ಗಾಲಿಬ್ ಸ್ವತಃ ಬಹಾದುರ್ ಶಾ ಜಫರರ ಆಸ್ಥಾನದಲ್ಲಿ ತಿಂಗಳಿಗೆ 50 ರೂಪಾಯಿ ಸಂಬಳಕ್ಕೆ ತೈಮೂರ್ ವಂಶದ ಇತಿಹಾಸ ಬರೆಯುತ್ತಿದ್ದರು. ಅದರ ಮೊದಲ ಭಾಗ 'ಮೆಹ್ರೆ ನೀಮ್‌ರೋಜ್' ಆಗಷ್ಟೇ ಹೊರಬಂದಿತ್ತು. ಸಂಬಳಕ್ಕಾಗಿ ತಾವು ಮಾಡುತ್ತಿದ್ದ ಕೆಲಸವನ್ನೇ ಪ್ರೀತಿಯಿಂದ ಮಾಡಿದ ಕಿರಿಯರಿಗೆ ಗಾಲಿಬ್ ಬುದ್ಧಿ ಹೇಳಿದರು. ಅವರ ತೀರ್ಪು ಕೂಡ ಪೂರ್ತಿ ಸರಿಯಿರಲಿಲ್ಲ. ಸ್ವಲ್ಪ ಕಾಲದಲ್ಲೇ ಬ್ಲಾಕ್‌ಮನ್ ಎಂಬ ಜರ್ಮನ್ ವಿದ್ವಾಂಸರು ಕಲ್ಕತ್ತೆಯಲ್ಲಿ ಅದೇ ಗ್ರಂಥದ ಸಂಪಾದನೆಗೆ ವರ್ಷಗಟ್ಟಲೆ ದುಡಿದರು. ಮೊಗಲರ ಕಾಲದ ರೈತರ, ಕೂಲಿಗಾರರ ಬದುಕನ್ನು ಅರಿಯಲು ಇತಿಹಾಸಕಾರರು ಇಂದಿಗೂ ಐನೆ ಅಕ್ಬರಿಯ ಪುಟಗಳನ್ನೇ ತಿರುವಬೇಕು. ಮಾತು ಕಹಿಯಾಗಿದೆ ಎಂಬ ಕಾರಣಕ್ಕೇ ಅದು ಸತ್ಯವಾಗುವುದಿಲ್ಲ.

ನಮಗೆ ತೋರುವುದಿಷ್ಟು: ಸೈಯದರು ಕೇಳಿದ್ದು ಒಂದು, ಗಾಲಿಬ್ ಕೊಟ್ಟದ್ದು ಇನ್ನೊಂದು. ತನ್ನ ದುಡಿಮೆಯನ್ನು ಬಲ್ಲವರೊಬ್ಬರು ಅದಕ್ಕೆ ಸಾಕ್ಷಿ ನುಡಿಯಲಿ ಎಂದು ಸೈಯದರು ಬಯಸಿದರು. ಗಾಲಿಬ್ ಆ ದುಡಿಮೆ ಬೇಕಿತ್ತೇ ಎಂಬುದರ ಬಗ್ಗೆ ತೀರ್ಪು ಕೊಟ್ಟರು. ಸ್ನೇಹಿತರೆಂಬ ಕಾರಣಕ್ಕೆ ಕೇಳುವಾಗ ಏನು ಬೇಕೆಂದು ಬಿಡಿಸಿ ಹೇಳಲಿಲ್ಲ, ಕೊಡುವಾಗ ಏನು ಕೊಡುತ್ತೇನೆಂದು ಬಿಡಿಸಿ ಹೇಳಲಿಲ್ಲ. 'ಈ ವಿಷಯದಲ್ಲಿ ನನಗೆ ಆಸಕ್ತಿಯಿಲ್ಲ, ಬೇರೆಯವರಲ್ಲಿ ಬರೆಸಿ' ಎಂದಿದ್ದರೆ ಒಂದು ದಿನದ ಬೇಸರದಲ್ಲಿ ಮುಗಿಯುತ್ತಿತ್ತು. ದಾಕ್ಷಿಣ್ಯಕ್ಕೆ ಒಪ್ಪಿಕೊಂಡು ಆಮೇಲೆ ಪ್ರಾಮಾಣಿಕತೆಯನ್ನು ನೆನಪಿಸಿಕೊಂಡದ್ದರಿಂದ ವರ್ಷಗಳೇ ಹಿಡಿದವು.

ನಮ್ಮ ಊರುಗಳಲ್ಲಿಯೂ ಇದು ನಡೆಯುತ್ತಲೇ ಇದೆ. ಕವನ ಸಂಕಲನದ ಕರಡು ಪ್ರತಿ ಹಿಡಿದು ಬಂದ ಗೆಳೆಯರಿಗೆ ನಾವು ಬರಹಗಾರರು ಇಲ್ಲವೆನ್ನುವುದಿಲ್ಲ. ತಿಂಗಳುಗಟ್ಟಲೆ ಮೇಜಿನ ಮೇಲಿಟ್ಟುಕೊಳ್ಳುತ್ತೇವೆ. ಕೊನೆಗೆ ಬರೆದ ಎರಡು ಪುಟಗಳಲ್ಲಿ ಒಂದು 'ಆದರೆ' ನುಸುಳಿರುತ್ತದೆ. ಓದುಗರಿಗೆ ಅದು ಕಾಣಿಸುವುದೇ ಇಲ್ಲ, ಕವಿಗೆ ಅದೊಂದೇ ಕಾಣಿಸುತ್ತದೆ. ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕುವವರ, ಮಗನ ನೌಕರಿಗೆ ಶಿಫಾರಸು ಮಾಡುವವರ ಕತೆಯೂ ಬೇರೆಯಲ್ಲ.

ಇನ್ನು ಮುರಿದದ್ದು ಕೂಡಿದ ಬಗೆ. ಇಬ್ಬರನ್ನೂ ಹತ್ತಿರದಿಂದ ಬಲ್ಲ ಅಲ್ತಾಫ್ ಹುಸೇನ್ ಹಾಲಿ ಇದನ್ನು ದಾಖಲಿಸಿದ್ದಾರೆ. ನಡುವೆ 1857 ಬಂದುಹೋಗಿತ್ತು. ಇಬ್ಬರೂ ಕಂಡಿದ್ದ ದಿಲ್ಲಿ ಉಳಿದಿರಲಿಲ್ಲ. 1860ರಲ್ಲಿ ರಾಂಪುರದ ನವಾಬರನ್ನು ಕಂಡು ಹಿಂದಿರುಗುತ್ತಿದ್ದ ಗಾಲಿಬ್ ಮುರಾದಾಬಾದಿನ ಸರಾಯಿಯಲ್ಲಿ ಇಳಿದುಕೊಂಡರು. ಅಲ್ಲಿ ನ್ಯಾಯಾಧಿಕಾರಿಯಾಗಿದ್ದ ಸೈಯದರಿಗೆ ಸುದ್ದಿ ಮುಟ್ಟಿತು. ಅವರು ತಾವೇ ಸರಾಯಿಗೆ ಹೋಗಿ ಹಿರಿಯರನ್ನು ಮನೆಗೆ ಕರೆತಂದರು. ಪಲ್ಲಕ್ಕಿಯಿಂದ ಇಳಿದಾಗ ಗಾಲಿಬರ ಕೈಯಲ್ಲಿ ಮದ್ಯದ ಬಾಟಲಿಯಿತ್ತು. ಹೋಗಿಬರುವವರಿಗೆಲ್ಲ ಕಾಣುವ ಜಾಗದಲ್ಲಿ ಅದನ್ನು ಇಟ್ಟರು. ಸೈಯದರು ಏನೂ ಹೇಳದೆ ಅದನ್ನು ಒಳಕೋಣೆಗೆ ಸಾಗಿಸಿದರು. ಬಾಟಲಿ ಕಾಣದೆ ಗಾಲಿಬ್ ಗಾಬರಿಯಾದರು. ಜೋಪಾನವಾಗಿ ಇಟ್ಟಿದ್ದೇನೆ ಎಂದರೂ ಕೇಳದೆ ತೋರಿಸಲು ಹಟ ಹಿಡಿದರು. ಕೈಗೆತ್ತಿಕೊಂಡು ನೋಡಿ, ಇದರಲ್ಲಿ ಸ್ವಲ್ಪ ಕಡಿಮೆಯಾಗಿದೆ, ಕುಡಿದವರಾರು ಎಂದು ಛೇಡಿಸಿದರು. ಉಪದೇಶಕರ ಗುಟ್ಟನ್ನು ಕೆಣಕುವ ಹಾಫಿಜ್ ಕವಿಯ ದ್ವಿಪದಿಯನ್ನೂ ಹೇಳಿದರು. ಸೈಯದರು ನಕ್ಕು ಸುಮ್ಮನಾದರು. ಹಳೆಯ ಮುನಿಸು ಅಲ್ಲಿಗೆ ಕರಗಿತು.

ಹಾಲಿಯವರ ವೃತ್ತಾಂತದಲ್ಲಿ ಮಸ್ನವಿಯ ವಿಚಾರಣೆ ನಡೆದ ಮಾತಿಲ್ಲ, ಯಾರೂ ಯಾರಲ್ಲೂ ಕ್ಷಮೆ ಕೇಳಿದ ಮಾತೂ ಇಲ್ಲ. ನೊಂದವರೇ ಮೊದಲು ಎದ್ದು ಹೋದರು. ಧರ್ಮನಿಷ್ಠ ಮನೆತನದ ಸೈಯದರು ಆ ಬಾಟಲಿಯನ್ನು ಮೆಚ್ಚಿಕೊಂಡದ್ದಲ್ಲ, ಅದನ್ನು ತಂದ ಅತಿಥಿಯನ್ನು ಬಿಟ್ಟುಕೊಡಲಿಲ್ಲ ಅಷ್ಟೆ. ಗಾಲಿಬ್ ಕೂಡ ತಮ್ಮ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಲಿಲ್ಲ. 1863ರಲ್ಲಿ ಅವರ ಪಾರಸಿ ಕಾವ್ಯದ ಸಮಗ್ರ ಸಂಪುಟ ಹೊರಬಂದಾಗ ಆ ಮಸ್ನವಿ ಅದರಲ್ಲಿತ್ತು. ಸೈಯದರಿಗೆ ಅದನ್ನು ಅಚ್ಚು ಹಾಕಿಸದಿರುವ ಸ್ವಾತಂತ್ರ್ಯವಿತ್ತು, ಗಾಲಿಬರಿಗೆ ಅಚ್ಚು ಹಾಕಿಸುವ ಸ್ವಾತಂತ್ರ್ಯವಿತ್ತು.

ಗಾಲಿಬ್ 1869ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಏಪ್ರಿಲ್‌ನಲ್ಲಿ ಸೈಯದರು ಉಗಿಹಡಗು ಹತ್ತಿ ಲಂಡನ್ನಿಗೆ ಹೊರಟರು. ಅವರ ಮುಂದಿನ ಬದುಕೆಲ್ಲ ಹೊಸ ವಿದ್ಯೆಗೆ ಮೀಸಲಾಯಿತು. ಇದನ್ನು ಆ ಮಸ್ನವಿಯ ಫಲವೆನ್ನುವವರಿದ್ದಾರೆ. 1857ರ ಪೆಟ್ಟು ಅದಕ್ಕಿಂತ ದೊಡ್ಡದು ಎಂದು ನಾವು ಭಾವಿಸುತ್ತೇವೆ. ಮುರಾದಾಬಾದಿನಲ್ಲಿ ಸೈಯದರು ಸರಾಯಿಯವರೆಗೆ ನಡೆದುಹೋದದ್ದು ಕವಿಯ ಮಾತು ಸರಿಯೆನಿಸಿದ್ದರಿಂದಲೂ ಅಲ್ಲ. ಹಿರಿಯರೊಬ್ಬರು ತಮ್ಮ ಊರಿಗೆ ಬಂದು ಸರಾಯಿಯಲ್ಲಿ ಉಳಿಯುವುದು ಅವರಿಗೆ ಸರಿಕಾಣಲಿಲ್ಲ. ಉಪಕಾರದ ಲೆಕ್ಕದಲ್ಲಿ ಸಿಕ್ಕಿಕೊಂಡ ಗೆಳೆಯರಿಗೆ ಅಷ್ಟು ಕಾರಣ ಸಾಕು.