ಹೆಸರು ಒಂದು, ಹಾಡು ಬೇರೆ



ಅರಸೀಕೆರೆಯಲ್ಲಿರುವ ನೆಂಟರಿಗೆ ನೀವು ಕಾಗದ ಬರೆಯುವಾಗ ಊರಿನ ಹೆಸರಿನ ಕೆಳಗೆ 'ಹಾಸನ ಜಿಲ್ಲೆ' ಎಂದು ಸೇರಿಸುವುದನ್ನು ಮರೆಯುವುದಿಲ್ಲ. ಹರಪನಹಳ್ಳಿ ತಾಲ್ಲೂಕಿನಲ್ಲಿಯೂ ಅದೇ ಹೆಸರಿನ ಊರೊಂದಿದೆ. ಅರಸಿಯ ಹೆಸರಿನಲ್ಲಿ ಕೆರೆ ಕಟ್ಟಿಸುವ ಪದ್ಧತಿ ನಾಡಿನಲ್ಲಿ ಒಂದೇ ಕಡೆ ಇದ್ದುದಲ್ಲವಷ್ಟೆ. ಹೆಸರು ಒಂದಾದರೂ ಊರು ಬೇರೆ ಎಂಬ ಈ ಎಚ್ಚರವನ್ನು ನಾವು ಊರುಗಳ ವಿಷಯದಲ್ಲಿ ತೋರುತ್ತೇವೆ. ಶರಣರನ್ನು ಕುರಿತ ಹಾಡುಗಬ್ಬಗಳ ವಿಷಯದಲ್ಲಿ ಮಾತ್ರ ಏಕೋ ಮರೆಯುತ್ತೇವೆ.

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳ ಮಾರ್ಗವಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೋಗುವವರು ಸಾಮಾನ್ಯವಾಗಿ ಶಿಲ್ಪವನ್ನು ನೋಡಿ ಹಿಂದಿರುಗುತ್ತಾರೆ. ಆ ನೆಲ ಶಿಲ್ಪಕ್ಕೆ ಮಾತ್ರವಲ್ಲ, ನಮ್ಮ ಸಾಹಿತ್ಯಕ್ಕೂ ತವರು. ಒಂದೇ ಹೆಸರಿನವರನ್ನು ಬೇರ್ಪಡಿಸಿ ಗುರುತಿಸುವ ಜಾಣ್ಮೆಯನ್ನು ಆ ನೆಲದ ಹಿರಿಯರಿಂದಲೇ ನಾವು ಕಲಿಯಬಹುದು.

ಬೇಲೂರಿನ ಪದ್ಮರಸನನ್ನೇ ತೆಗೆದುಕೊಳ್ಳಿ. ವಚನಕಾರ ಸಕಲೇಶ ಮಾದರಸನ ವಂಶದಲ್ಲಿ ಹುಟ್ಟಿದ ಈತ ಹೊಯ್ಸಳ ನರಸಿಂಹನ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದನು. ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿದ್ದರಿಂದ ಜನರು ಈತನನ್ನು 'ಕೆರೆಯ ಪದ್ಮರಸ' ಎಂದು ಕರೆದರು. ಗುರುಶಿಷ್ಯರ ಸಂವಾದರೂಪದ 'ದೀಕ್ಷಾಬೋಧೆ' ಈತನ ಕೃತಿ, ಅದು ರಗಳೆಯಲ್ಲಿದೆ. ಈತನ ಮಗನೂ ಪದ್ಮರಸನೇ. ಆದುದರಿಂದ ಅವನು 'ಕುಮಾರ ಪದ್ಮರಸ'ನಾದನು. 'ಸಾನಂದ ಚರಿತ್ರೆ' ಅವನದು. ಅದೇ ವಂಶದಲ್ಲಿ ಮುಂದೆ ಹುಟ್ಟಿದ ಪದ್ಮಣಾಂಕನೆಂಬ ಕವಿ ಹಿರಿಯ ಪದ್ಮರಸನ ಚರಿತೆಯನ್ನು 'ಪದ್ಮರಾಜ ಪುರಾಣ'ವೆಂದು ಹಾಡಿದನು. ಕೆರೆಯ, ಕುಮಾರ ಎಂಬ ಈ ಎರಡು ಪುಟ್ಟ ವಿಶೇಷಣಗಳು ಇಲ್ಲದೆ ಹೋಗಿದ್ದರೆ ಇಂದು ತಂದೆಯ ಕೃತಿ ಮಗನ ಪಾಲಿಗೂ ಮಗನ ಕೃತಿ ತಂದೆಯ ಪಾಲಿಗೂ ಸೇರಿಹೋಗುತ್ತಿದ್ದವು.

ವಿಶೇಷಣವಿಲ್ಲದ ಕಡೆ ಏನಾಗುತ್ತದೆಂಬುದಕ್ಕೂ ಅಲ್ಲಿಯೇ ಉದಾಹರಣೆಯುಂಟು. ಮಹಾಕವಿ ಹರಿಹರನು ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ನರಸಿಂಹ ಬಲ್ಲಾಳನ ಬಳಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಲೆಕ್ಕ ಬರೆಯುತ್ತಿದ್ದಾಗಲೇ ಕೈಗಳನ್ನು ಹೊಸಕಿ, ಹಂಪೆಯ ವಿರೂಪಾಕ್ಷನ ಸನ್ನಿಧಿಯ ತೆರೆಗೆ ತಗುಲಿದ ಬೆಂಕಿಯನ್ನು ಆರಿಸಿದನೆಂಬ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಆದರೆ ಹೊಯ್ಸಳರಲ್ಲಿ ನರಸಿಂಹರು ಮೂವರು. ಒಬ್ಬನು 12ನೆಯ ಶತಮಾನದ ಮಧ್ಯಭಾಗದವನು; ಇನ್ನೊಬ್ಬನು 1220ರಲ್ಲಿ ಪಟ್ಟವೇರಿದವನು; ಮತ್ತೊಬ್ಬನು 13ನೆಯ ಶತಮಾನದ ಉತ್ತರಾರ್ಧದವನು. ಹರಿಹರನ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟಾಗಲು 'ಯಾವ ನರಸಿಂಹ?' ಎಂಬ ಪ್ರಶ್ನೆಯೂ ಒಂದು ಕಾರಣ. ಒಂದು ಹೆಸರಿನ ಸಂದಿಗ್ಧದಿಂದ ಒಬ್ಬ ಮಹಾಕವಿಯ ಕಾಲವೇ ಹಲವು ದಶಕ ಹಿಂದುಮುಂದಾಗುತ್ತದೆ!

ಇನ್ನು ಆ ಹರಿಹರನ 'ಗಿರಿಜಾಕಲ್ಯಾಣ'ವನ್ನು ನೋಡೋಣ. ಅದು ಹತ್ತು ಆಶ್ವಾಸಗಳ ಚಂಪೂಕಾವ್ಯ. ಪಂಡಿತರು ಓದಿ ಅರ್ಥ ಹೇಳಬೇಕಾದ ಪ್ರೌಢಕೃತಿ. ಆದರೆ ಯಕ್ಷಗಾನದಲ್ಲಿ ಗಿರಿಜಾಕಲ್ಯಾಣವೆಂಬ ಪ್ರಸಂಗವಿದೆ. ಮದುವೆಯ ಮನೆಗಳಲ್ಲಿ ಮುತ್ತೈದೆಯರು ಹಾಡುವ ಶಿವಪಾರ್ವತಿಯರ ಮದುವೆಯ ಹಾಡುಗಳಿಗೂ ಜನರು ಅದೇ ಹೆಸರನ್ನು ಕೊಡುವುದುಂಟು. ಕಥೆ ಒಂದೇ, ಹೆಸರು ಒಂದೇ. ಕರ್ತೃ, ಕಾಲ, ಛಂದಸ್ಸು, ಸಂದರ್ಭ ಎಲ್ಲವೂ ಬೇರೆ. ಮುತ್ತೈದೆಯರ ಹಾಡನ್ನು 'ಹರಿಹರನದು' ಎಂದು ಹೇಳಿದರೆ ಹರಿಹರನಿಗೆ ಗೌರವ ಹೆಚ್ಚುವುದಿಲ್ಲ. ಆ ಹಾಡನ್ನು ಕಟ್ಟಿದ ಅನಾಮಿಕ ತಾಯಿಗೆ ಸಲ್ಲಬೇಕಾದುದು ಮಾತ್ರ ತಪ್ಪಿಹೋಗುತ್ತದೆ.

ಇದು ವಿದ್ವಾಂಸರ ತಲೆನೋವು, ಭಕ್ತರಾದ ನಮಗೇಕೆ ಎಂದು ನೀವು ಕೇಳಬಹುದು. ಹಾಗಲ್ಲವೆಂಬುದನ್ನು 'ಬಸವಪುರಾಣ'ದಿಂದ ತೋರಿಸುತ್ತೇನೆ. ಶ್ರಾವಣ ಮಾಸದಲ್ಲಿ ಪುರಾಣ ಹಚ್ಚಿಸುವ ನಮ್ಮ ಊರುಗಳಲ್ಲಿ ಈ ಹೆಸರನ್ನು ಕೇಳದವರಿಲ್ಲ. 13ನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ, ದ್ವಿಪದಿಯಲ್ಲಿ, ಬಸವಪುರಾಣವನ್ನು ರಚಿಸಿದನು. 1369ರಲ್ಲಿ ಭೀಮಕವಿಯು ಅದನ್ನು ಅನುಸರಿಸಿ ಕನ್ನಡದಲ್ಲಿ, ವಾರ್ಧಕ ಷಟ್ಪದಿಯಲ್ಲಿ, ಅದೇ ಹೆಸರಿನಿಂದ ಹಾಡಿದನು. ಸಂಸ್ಕೃತದಲ್ಲಿಯೂ ಬಸವಪುರಾಣವುಂಟು. ಇವುಗಳಿಗಿಂತ ಭಿನ್ನವಾದುದು ಹರಿಹರನ 'ಬಸವರಾಜದೇವರ ರಗಳೆ'. ಅದು ನಮಗೆ ಪೂರ್ಣವಾಗಿ ದೊರೆತಿಲ್ಲ. ಆದರೆ ಬಸವಣ್ಣನವರ ಚರಿತ್ರೆಯನ್ನು ಹೇಳುವ ಹಳೆಯ ಹಾಡುಗಳೆಲ್ಲವನ್ನೂ ಜನರು ಒಟ್ಟಾಗಿ 'ಬಸವಪುರಾಣ'ವೆಂದೇ ಕರೆದುಬಿಡುತ್ತಾರೆ.

ಇದರ ಫಲವೇನು? ಒಬ್ಬ ಪ್ರವಚನಕಾರರು, ಬಾಲಕ ಬಸವಣ್ಣನು ಉಪನಯನವನ್ನೇ ನಿರಾಕರಿಸಿ ತಂದೆಯೊಡನೆ ವಾದಿಸಿ ಮನೆಯನ್ನು ತೊರೆದನೆಂದು ಹೇಳುತ್ತಾರೆ. ಮರುವರ್ಷ ಬಂದ ಇನ್ನೊಬ್ಬರು, ತಂದೆತಾಯಿಗಳನ್ನು ಎಳವೆಯಲ್ಲಿಯೇ ಕಳೆದುಕೊಂಡ ಬಸವಣ್ಣನು ಅಜ್ಜಿಯ ಆಶ್ರಯದಲ್ಲಿ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಜನಿವಾರವನ್ನು ಕಿತ್ತೆಸೆದು ಕಪ್ಪಡಿಸಂಗಮಕ್ಕೆ ನಡೆದನೆಂದು ಹೇಳುತ್ತಾರೆ. ಇಬ್ಬರೂ 'ಪುರಾಣದಲ್ಲಿ ಹೀಗಿದೆ' ಎನ್ನುತ್ತಾರೆ. ಕೇಳುವ ಭಕ್ತರು ಗೊಂದಲಕ್ಕೆ ಬೀಳುತ್ತಾರೆ. ಕೆಲವರು ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದರೆಂದು ತೀರ್ಮಾನಿಸುತ್ತಾರೆ. ಇನ್ನು ಕೆಲವರು ಪುರಾಣವೇ ಕಟ್ಟುಕಥೆಯೆಂದು ನಕ್ಕು ಎದ್ದುಹೋಗುತ್ತಾರೆ. ನಿಜವೇನೆಂದರೆ, ಮೊದಲನೆಯವರು ಸೋಮನಾಥ ಭೀಮಕವಿಗಳ ದಾರಿಯಲ್ಲಿ ನಡೆದರು; ಎರಡನೆಯವರು ಹರಿಹರನ ದಾರಿಯಲ್ಲಿ ನಡೆದರು. ಯಾರೂ ಸುಳ್ಳಾಡಲಿಲ್ಲ. ಕೃತಿಯ ಹೆಸರಿನೊಡನೆ ಕವಿಯ ಹೆಸರನ್ನು ಹೇಳಿದ್ದರೆ ಸಾಕಾಗಿತ್ತು.

ಹಾಗಾದರೆ ಗುರುತಿಸುವುದು ಹೇಗೆ? ಮೊದಲನೆಯದು ಅಂಕಿತ. ವಚನಗಳಿಗೆ ಶರಣರು ತಲೆಬರಹ ಕೊಟ್ಟವರಲ್ಲ. ಇಂದು ಪುಸ್ತಕಗಳಲ್ಲಿ ಕಾಣುವ ತಲೆಬರಹಗಳು ಸಂಪಾದಕರು ಇಟ್ಟವು. ಆದುದರಿಂದ ಭಜನೆಯ ಪುಸ್ತಕದಲ್ಲಿ 'ಗುರುಸ್ತುತಿ'ಯೆಂಬ ಒಂದೇ ತಲೆಬರಹದ ಕೆಳಗೆ ನಾಲ್ಕಾರು ಹಾಡುಗಳಿದ್ದರೆ ಆಶ್ಚರ್ಯವಿಲ್ಲ. ತಲೆಬರಹವನ್ನು ಬಿಟ್ಟು ಕೊನೆಯ ಸಾಲನ್ನು ನೋಡಬೇಕು. 'ಶಂಭುಲಿಂಗ'ವಿದ್ದರೆ ನಿಜಗುಣ ಶಿವಯೋಗಿಗಳತ್ತ, 'ಗುರುಸಿದ್ಧ'ನಿದ್ದರೆ ಸರ್ಪಭೂಷಣ ಶಿವಯೋಗಿಗಳತ್ತ ನಮ್ಮ ದೃಷ್ಟಿ ಹರಿಯಬೇಕು. ಎರಡನೆಯದು ಛಂದಸ್ಸು: ರಗಳೆಯೋ, ಷಟ್ಪದಿಯೋ, ಚಂಪುವೋ ಎಂಬುದು ಕಿವಿಗೇ ತಿಳಿಯುತ್ತದೆ. ಮೂರನೆಯದು ಹಾಡಿನ ಪಲ್ಲವಿ ಇಲ್ಲವೆ ಕಾವ್ಯದ ಮೊದಲ ಪದ್ಯ. ನಾಲ್ಕನೆಯದು ಸಂಧಿಯ ಕೊನೆಯಲ್ಲಿ ಕವಿ ತನ್ನ ಗುರುವನ್ನೂ ತನ್ನನ್ನೂ ಹೆಸರಿಸುವ ಮಾತು. ಇವು ನಾಲ್ಕೂ ಕೂಡಿಬಂದರೆ ಸಂದೇಹಕ್ಕೆ ಎಡೆಯಿರದು. ಒಂದನ್ನೇ ನಂಬುವುದು ತರವಲ್ಲ.

ಒಂದೇ ಹೆಸರನ್ನು ಮತ್ತೊಬ್ಬರು ಬಳಸುವುದು ನಮ್ಮ ಪರಂಪರೆಯಲ್ಲಿ ಕಳ್ಳತನವೆನಿಸಿರಲಿಲ್ಲ ಎಂಬುದನ್ನೂ ನೆನಪಿಡಬೇಕು. 'ಶೂನ್ಯಸಂಪಾದನೆ'ಯನ್ನು ಶಿವಗಣಪ್ರಸಾದಿ ಮಹದೇವಯ್ಯನು ಮೊದಲು ಸಂಕಲಿಸಿದನು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಒಬ್ಬರಾದ ಮೇಲೊಬ್ಬರು ಅದೇ ಹೆಸರಿನಿಂದ ಪರಿಷ್ಕರಿಸಿದರು. ಹಿಂದಿನವರು ಹಚ್ಚಿದ ದೀಪದಿಂದ ತಮ್ಮ ದೀಪವನ್ನು ಹೊತ್ತಿಸಿಕೊಂಡ ಭಾವ ಅವರದು. ಆದರೆ ದೀಪ ನಾಲ್ಕು ಎಂಬುದನ್ನು ನಾವು ಮರೆತರೆ, ಮೂವರ ಶ್ರಮ ಮಣ್ಣುಪಾಲಾಗುತ್ತದೆ.

ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಇಂದು ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ವಿಶೇಷವಾಗಿ ಒಂದು ಬಿನ್ನಹ. ಬೆಳಗಿನ ಪ್ರಾರ್ಥನೆಗೆಂದು ಅಂದು ನೀವು ಬರೆದುಕೊಂಡ ಹಾಡಿನ ಪುಸ್ತಕ ಮನೆಯಲ್ಲಿ ಇನ್ನೂ ಇದ್ದರೆ ತೆರೆದು ನೋಡಿ. ಪ್ರತಿಯೊಂದು ಹಾಡಿನ ಪಕ್ಕದಲ್ಲಿ ಅದರ ಅಂಕಿತವನ್ನೂ, ತಿಳಿದಿದ್ದರೆ ಕವಿಯ ಹೆಸರನ್ನೂ, ಅದನ್ನು ನಿಮಗೆ ಕಲಿಸಿದವರ ಹೆಸರನ್ನೂ ಬರೆದಿಡಿ. ಮಕ್ಕಳಿಗೆ ಹಾಡನ್ನು ಕಲಿಸುವಾಗ ಇಷ್ಟನ್ನು ಸೇರಿಸಿಯೇ ಕಲಿಸಿ. ಬೇಲೂರಿನ ಜನ ಒಬ್ಬ ಪುಣ್ಯಾತ್ಮನ ಹೆಸರಿನ ಹಿಂದೆ 'ಕೆರೆಯ' ಎಂಬ ಮೂರಕ್ಷರವನ್ನು ಸೇರಿಸಿದ್ದರಿಂದ ಅವನು ಶತಶತಮಾನಗಳ ಈಚೆಗೂ ತಾನಾಗಿಯೇ ಉಳಿದಿದ್ದಾನೆ. ನಮಗೆ ಹಾಡು ಕೊಟ್ಟ ಹಿರಿಯರಿಗೆ ನಾವು ಅಷ್ಟಾದರೂ ಮಾಡಬೇಡವೇ?