ಬಿರುಕಿಗೆ ಹೊಲಿಗೆ

1908ರಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್ 'ಮಾಡೆಲ್ ಟಿ' ಕಾರಿನ ಸಿಲಿಂಡರ್ ಹೆಡ್ಡು ಎರಕದ ಕಬ್ಬಿಣದ್ದು. ಚಳಿಗಾಲದ ರಾತ್ರಿ ಎಂಜಿನ್ನಿನ ನೀರು ಬಸಿಯಲು ಮರೆತರೆ ಅದು ಹೆಪ್ಪುಗಟ್ಟಿ, ಸುಮಾರು ಶೇಕಡಾ 9ರಷ್ಟು ಹಿಗ್ಗಿ, ಲೋಹವನ್ನೇ ಬಿರಿಯುತ್ತಿತ್ತು. ವೆಲ್ಡ್ ಮಾಡಿದರಾಯಿತಲ್ಲ ಎನ್ನುವಿರಾ? ತೊಡಕಿರುವುದೇ ಅಲ್ಲಿ. ಈ ಕಬ್ಬಿಣದಲ್ಲಿ ಇಂಗಾಲವು ಗ್ರಾಫೈಟ್ ಚಕ್ಕೆಗಳಾಗಿ ಹರಡಿರುವುದರಿಂದ ಅದು ಬಾಗದು, ಒಡೆಯುತ್ತದೆ. ಒಂದೇ ಕಡೆ ಕಾಯಿಸಿದರೆ, ಆರುವಾಗ ಕುಗ್ಗಿ, ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು! ಇಡೀ ಹೆಡ್ಡನ್ನು ಮೊದಲೇ ಕಾಯಿಸಿ, ಬೆಸೆದು, ನಿಧಾನವಾಗಿ ಆರಿಸಬೇಕು.

ಕಿಡಿಗೂ ಹೆದರಬೇಕಾದ ಟೆಕ್ಸಾಸ್ ತೈಲಕ್ಷೇತ್ರಗಳಲ್ಲಿ 1930ರ ದಶಕದಲ್ಲಿ ಕಾಯಿಸದೆಯೇ 'ಹೊಲಿಯುವ' ವಿಧಾನ ಬೆಳೆಯಿತು. ಹಳೆಯ ಕಾರುಗಳಿಗೆ ಇಂದಿಗೂ ಅದೇ ಆಸರೆ. ಬಿರುಕಿನ ತುದಿಗಳಲ್ಲಿ ರಂಧ್ರ ಕೊರೆದು ಅದರ ಓಟ ನಿಲ್ಲಿಸುತ್ತಾರೆ. ಅಡ್ಡಲಾಗಿ ಲೋಹದ ಕೀಲಿಗಳನ್ನು ಬಡಿದು, ಉದ್ದಕ್ಕೂ ಒಂದನ್ನೊಂದು ಕಚ್ಚುವಂತೆ ತಿರುಪುಗಳನ್ನು ಬಿಗಿಯುತ್ತಾರೆ. ಕೊನೆಗೆ ಒತ್ತಡದಲ್ಲಿ ನೀರು ತುಂಬಿ ಪರೀಕ್ಷೆ. ಹನಿ ಜಿನುಗಿತೋ, ಅಲ್ಲಿಗೆ ಇನ್ನೊಂದು ತಿರುಪು.